ಮಾಸ್ತಿಕೃಪಾಕ್ಕೆ ಬಂದ ಉತ್ತರ

"ಊಟದ ಹೊತ್ತಿಗೇ ಬಂದ್ರಿ. ಒಂದು ಬಂಗ್ಡೆ ಹಾಕ್ಲಾ ಮೇಡಂ?"

ಪಿಎಸ್‌ಐ ವೀಣಾ ಎದುರಿನ ಕುರ್ಚಿ ಎಳೆದು ಕೂತಳು. ಕಡಲಬಂಧು ಆ್ಯಪ್ ಮಾಡಿದ ಕಂಪನಿಯ ಪ್ರಕಾಶ ಮೀನಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣಿದ್ದ ಜಾಗಕ್ಕೆ ತುಟಿಯಿಟ್ಟು ಚೀಪಿದ. ಆ ಸದ್ದಿಗೆ ವೀಣಾ ಮುಖ ತಿರುಗಿಸಿದಳು. ಭಟ್ಕಳದ ಅಳ್ವೇಕೋಡಿಯ ಮೀನುಗಾರರ ಕೇರಿಯಲ್ಲಿ ಹುಟ್ಟಿದವಳು ಅವಳು. ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸಿದವಳಲ್ಲ. ಆದರೆ ಮಾಸ್ತಿಕೃಪಾ ಬೋಟಿನವರ ಹೆಣಗಳು ದಡಕ್ಕೆ ಬಂದ ಮೇಲೆ ಮೀನು ಅವಳ ಗಂಟಲಲ್ಲಿ ಇಳಿದಿರಲಿಲ್ಲ.

"ಕೈ ತೊಳ್ಕೊಂಡು ಬನ್ನಿ. ಫೋನು ಇಲ್ಲಿಡಿ," ಎಂದಳು.

ಪ್ರಕಾಶ ಫೋನು ಮೇಜಿನ ಮೇಲಿಟ್ಟು ಎದ್ದ. ಕೈ ತೊಳೆದು ಕಿಟಕಿಯ ಪರದೆಗೆ ಒರೆಸಿಕೊಂಡ. ಹೊನ್ನಾವರದ ಹೆದ್ದಾರಿ ಬದಿಯ ಆ ಮಹಡಿಯ ಮೇಲಿನ ಕಚೇರಿಯಲ್ಲಿ ಎಸಿ ತಣ್ಣಗೆ ಓಡುತ್ತಿತ್ತು. ಕರಿದ ಎಣ್ಣೆಯ ವಾಸನೆ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತಿತ್ತು.

ಗೋಡೆಗೆ ಒಂದು ಫ್ಲೆಕ್ಸ್ ಒರಗಿಸಿಟ್ಟಿದ್ದರು. ನಡುವೆ ಮಾಸ್ತಿಕೃಪಾ ನಡೆಸುತ್ತಿದ್ದ ತಂಡೇಲ, ಸತ್ತ ಗಣಪನ ಚಿತ್ರ, ಕೊರಳಿಗೆ ಬಣ್ಣದಲ್ಲೇ ಬರೆದ ಹಾರ. ಅವನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು. ಕೆಳಗೆ ಒಂದು ಸಾಲು: 'ಕೊನೆಯ ಕ್ಷಣದಲ್ಲೂ ಅವರು ನಂಬಿದ್ದು ಕಡಲಬಂಧುವನ್ನು.'

"ಇದೆಂತದು?" ವೀಣಾ ಕೇಳಿದಳು.

"ಶ್ರದ್ಧಾಂಜಲಿ, ಮೇಡಂ. ಬಂದರಿನಲ್ಲಿ ಕಟ್ಸುವ ಅಂತ. ಜನರಿಗೆ ನಮ್ಮ ಆ್ಯಪ್ ಮೇಲೆ ವಿಶ್ವಾಸ ಹೋಗ್ಬಾರ್ದಲ್ಲ?"

ವೀಣಾ ಫ್ಲೆಕ್ಸಿನಿಂದ ಕಣ್ಣು ತೆಗೆದಳು.

ಗಣಪ ನಂಬಿದ್ದು ನಿಜವೇ. ನೇತ್ರಾಣಿ ನಡುಗಡ್ಡೆಯ ಆಚೆ ಬೋಟಿನ ತಳದ ಹಲಗೆ ಬಿಟ್ಟುಕೊಂಡು ನೀರು ನುಗ್ಗಿದಾಗ ಅವನು ಕಡಲಬಂಧು ಆ್ಯಪಿನ ಕೆಂಪು ಗುಂಡಿ ಒತ್ತಿದ್ದ. ಮೀನುಗಾರರ ಸಂಘದ ರಕ್ಷಣಾ ಬೋಟು ಹೊರಟಿದೆ ಎಂದು ಉತ್ತರ ಬಂದಿತ್ತು. ಹತ್ತಿರದಲ್ಲೇ ಇದ್ದ ತದಡಿಯ ಬೋಟೊಂದು ವಯರ್‌ಲೆಸ್‌ನಲ್ಲಿ "ನಾವು ಬರೂದಾ?" ಎಂದು ಕೇಳಿದರೆ, "ಸಂಘದ ಬೋಟು ಹೊರಟದೆ, ನೀವು ಬಲೆ ಎಳ್ಕಳಿ" ಎಂದಿದ್ದ. ಯಾವ ಬೋಟೂ ಹೊರಟಿರಲಿಲ್ಲ. ಬದುಕಿ ಬಂದವನು ದೇವರಾಜ ಒಬ್ಬನೇ. ಒಂದು ಡೀಸೆಲ್ ಕ್ಯಾನು ತಬ್ಬಿಕೊಂಡು ತೇಲಿ ಬಂದಿದ್ದ.

ಹಲಗೆ ತಾನಾಗಿ ಬಿಟ್ಟಿತೋ, ಯಾರಾದರೂ ಬಿಡಿಸಿದ್ದರೋ ಇನ್ನೂ ಗೊತ್ತಾಗಿರಲಿಲ್ಲ. ಗಣಪನ ಹೆಂಡತಿ ಲಕ್ಕಿ ಅದನ್ನು ಕೇಳಿಯೂ ಇರಲಿಲ್ಲ. ಅವಳು ಕೇಳಿದ್ದು ಒಂದೇ ಮಾತು: "ಅವ್ರು ಒತ್ತಿದ್ದು ಎಲ್ಲಿಗೆ ಹೋತು, ತಂಗಿ?"

ಅದನ್ನು ಹುಡುಕಲೆಂದೇ ವೀಣಾ ಇಂದು ಸುಚಿತಾಳನ್ನು ಕರೆತಂದಿದ್ದಳು. ಸುಚಿತಾ ಹರಿಕಂತ್ರ ಕುಮಟಾದವಳು. ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸುವುದು ಅವಳ ಕೆಲಸ. ಮಾತು ಕಡಿಮೆ. ಬಂದವಳೇ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು.

"ನೀವು ಪರೀಕ್ಷೆ ಮಾಡೂದೇ ಬೇಡ," ಪ್ರಕಾಶ ತನ್ನ ಕಂಪ್ಯೂಟರನ್ನು ಅವರತ್ತ ತಿರುಗಿಸಿದ. "ನಮ್ಮ ಹುಡುಗರು ಆಗ್ಲೇ ಮಾಡಿದ್ದಾರೆ. ನೋಡಿ, ಎಲ್ಲಾ ಹಸ್ರು. ಒಂದೂ ಕೆಂಪಿಲ್ಲ."

ಪರದೆಯ ತುಂಬ ಹಸಿರು ಗುರುತುಗಳು. ಸುಚಿತಾ ಬಗ್ಗಿ ಒಂದೊಂದನ್ನೇ ತೆರೆದಳು. ಅವಳ ಮೂಗಿನ ಹೊಳ್ಳೆ ಕಿರಿದಾಯಿತು.

"ಹಸ್ರು ಬಂತು ಅಂದ್ರೆ ಎಂತ ಬಂತು ಸರ್? ಇವು ನೋಡಿದ್ದು ಸರ್ವರಿಂದ ಉತ್ತರ ಬಂತಾ ಇಲ್ವಾ ಅಂತ ಮಾತ್ರ. ಉತ್ತರದಲ್ಲಿ ಎಂತ ಅದೆ, ಅದು ಖರೇನಾ ಅಂತ ಒಂದು ಪರೀಕ್ಷೆಯೂ ನೋಡ್ಲಿಲ್ಲ."

"ಇನ್ನೂರು ಬಂದದಲ್ಲ! ಇನ್ನೂರು ಅಂದ್ರೆ ಸರಿ ಅಂತ ಜಗತ್ತಿಗೇ ಗೊತ್ತು."

"ನನಗೆ ಗೊತ್ತಿಲ್ಲ," ವೀಣಾ ಹೇಳಿದಳು. "ಬಿಡಿಸಿ ಹೇಳಿ, ಸುಚಿತಾ."

"ಫೋನಲ್ಲಿ ಕಾಣೂ ಆ್ಯಪು ಬರೀ ಮುಖ, ಮೇಡಂ. ಗುಂಡಿ ಒತ್ತಿದ್ರೆ ಅದು ಸರ್ವರಿಗೆ ಒಂದು ಕೋರಿಕೆ ಕಳಸ್ತದೆ. ಇಂಥ ಬೋಟು, ಇಂಥ ಜಾಗ, ಅಪಾಯ ಅಂತ. ಸರ್ವರ್ ಉತ್ತರ ಕೊಡ್ತದೆ. ಯಾವ ವಿಳಾಸಕ್ಕೆ ಹೇಗೆ ಕೇಳ್ಬೇಕು, ಎಂಥ ಉತ್ತರ ಬರ್ಬೇಕು ಅಂತ ಇಬ್ರ ನಡುವೆ ಒಂದು ಕರಾರು ಇರ್ತದಲ್ಲ, ಅದೇ ಎಪಿಐ. ಉತ್ತರದ ಜೊತೆ ಒಂದು ಅಂಕಿ ಬರ್ತದೆ. ಇನ್ನೂರು ಅಂದ್ರೆ ನಿನ್ನ ಮಾತು ಸರಿಯಾಗಿ ಮುಟ್ತು ಅಂತ. ಕೆಲ್ಸ ಆಯ್ತಾ ಇಲ್ವಾ ಅಂತ ಬೇರೇನೇ ನೋಡ್ಬೇಕು."

"ಆ್ಯಪ್ ಇಲ್ಲದೆ ನೋಡ್ಬಹುದಾ?"

"ಹಾಗೇ ನೋಡೂದು. ಆ್ಯಪು ನಮಗೆ ಬೇಕಾದ್ದನ್ನ ಮುಚ್ಚಿಡ್ತದೆ." ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಕಿಟಕಿ ತೆರೆದಳು. "ಇದರ ಹೆಸರು ಪೋಸ್ಟ್‌ಮನ್. ಮೇಲೆ ವಿಳಾಸ, ಕೆಳಗೆ ಹೇಳ್ಬೇಕಾದ ಮಾತು. ಕಳ್ಸಿದ್ರೆ ಉತ್ತರ ಪಕ್ಕದಲ್ಲೇ ಬೀಳ್ತದೆ. ಕರ್ಲ್ ಅಂತ ಇನ್ನೊಂದದೆ, ಕಪ್ಪು ಪರದೆಯಲ್ಲಿ ಒಂದೇ ಸಾಲು ಟೈಪ್ ಮಾಡಿ ಇದೇ ಕೆಲ್ಸ ಮಾಡ್ಬಹುದು. ಊರಿನ ಬೋಟೆಲ್ಲಾ ಒಟ್ಟಿಗೇ ಕೂಗಿದ್ರೆ ಸರ್ವರ್ ತಡೀತದಾ ಅಂತ ನೋಡೂಕೆ ಜೆಮೀಟರ್. ಇವತ್ತಿಗೆ ಪೋಸ್ಟ್‌ಮನ್ ಸಾಕು."

ಅವಳು ಪರೀಕ್ಷೆಗೆಂದೇ ಹೆಸರಿಟ್ಟ ಬೋಟೊಂದಕ್ಕೆ ಇಡಗುಂಜಿ ದೇವಸ್ಥಾನದ ಅಂಗಳದ ಜಾಗ ಬರೆದು ಕಳಿಸಿದಳು.

ಉತ್ತರ ತಕ್ಷಣ ಬಂತು. ಇನ್ನೂರು. 'ನಿಮ್ಮ ಕರೆ ತಲುಪಿದೆ. ರಕ್ಷಣಾ ಬೋಟು ಹೊರಟಿದೆ.'

"ಇಡಗುಂಜಿಗೆ ಬೋಟು?" ವೀಣಾ ಪ್ರಕಾಶನನ್ನು ನೋಡಿದಳು.

ಸುಚಿತಾ ಈ ಸಲ ಬೋಟಿನ ಹೆಸರನ್ನೇ ಅಳಿಸಿ ಕಳಿಸಿದಳು. ಅದೇ ಉತ್ತರ. ಜಾಗವನ್ನೂ ಅಳಿಸಿದಳು. ಏನೂ ಬರೆಯದ ಖಾಲಿ ಕೋರಿಕೆ ಕಳಿಸಿದಳು. ರಕ್ಷಣಾ ಬೋಟು ಹೊರಟಿದೆ.

"ಸರಿಯಾದ್ದು ಕೊಟ್ಟು ನೋಡೂದು ಅರ್ಧ ಕೆಲ್ಸ," ಅವಳು ಕತ್ತೆತ್ತದೆ ಹೇಳಿದಳು. "ತಪ್ಪು ಕೊಟ್ರೆ ಅದು ತಪ್ಪು ಅಂತ ಹೇಳ್ತದಾ ಅಂತ ನೋಡ್ಬೇಕು. ಇದು ಯಾರು ಎಂತ ಅಂದ್ರೂ ಒಂದೇ ಉತ್ತರ ಕೊಡ್ತದೆ, ಮೇಡಂ. ಉತ್ತರವನ್ನ ಮೊದಲೇ ಬರ್ದು ಅಂಟಿಸಿಟ್ಟಿದ್ದಾರೆ. ಮತ್ತೆ ಇವರ ಹುಡುಗರು ಪರೀಕ್ಷೆಗೆ ಬರ್ದ ಮಾತು ನೋಡಿ."

ವೀಣಾ ಓದಿದಳು. ಅಪಾಯದ ವಿವರ ಬರೆಯುವ ಜಾಗದಲ್ಲಿ ಯಾರೋ 'ಸತ್ತೆ ಸತ್ತೆ ಹಹಹ' ಎಂದು ಬರೆದಿದ್ದರು. ಪಕ್ಕದಲ್ಲಿ ಹಸಿರು ಗುರುತು.

ಅವಳಿಗೆ ಆ ಕುರ್ಚಿಯಿಂದ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆಯಬೇಕೆನಿಸಿತು.

"ಉತ್ತರ ಮೊದಲೇ ಬರ್ದು ಅಂಟಿಸಿಟ್ಟದ್ದು ಎಂತಕೆ?"

ಪ್ರಕಾಶ ಹಲ್ಲಿನ ಸಂದಿಯಿಂದ ಮುಳ್ಳು ತೆಗೆಯುತ್ತಿದ್ದ. "ಡೆಮೊ ದಿನ ಹಾಕಿದ್ದು, ಮಾರಾಯ್ರೆ. ಮಂತ್ರಿಗಳು, ಸಂಘದವ್ರು ಎಲ್ಲಾ ಕೂತಿದ್ರು. ಉತ್ತರ ತಡ ಆದ್ರೆ ಚೆಂದ ಕಾಣೂದಿಲ್ಲ ಅಂತ. ಆಮೇಲೆ ತೆಗೀಲಿಲ್ಲ, ಹಾಗೇ ಉಳೀತು. ಆದ್ರೆ ಹಿಂದೆ ಗಂಟೆ ಹೊಡೀತದೆ! ಕರೆ ಬಂದ್ರೆ ಬಂದರಿನ ಕಂಟ್ರೋಲ್ ರೂಮಲ್ಲಿ ಗಂಟೆ ಹೊಡ್ದೇ ಹೊಡೀತದೆ. ಗಣಪನ ದಿನ ಸಂಘದವ್ರು ನಿದ್ದೆ ಮಾಡಿದ್ರೆ ನಾನೆಂತ ಮಾಡ್ಲಿ?"

"ಅದನ್ನೂ ನೋಡೋಣ."

ವೀಣಾ ತನ್ನ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಬಂದರಿನಲ್ಲಿ ಮೀನುಗಾರರ ಸಂಘದ ಕಂಟ್ರೋಲ್ ರೂಮಿನಲ್ಲಿ ಅವಳ ಹೆಡ್ ಕಾನ್‌ಸ್ಟೇಬಲ್ ರಮಾನಂದ ಬೆಳಗಿನಿಂದ ಕೂತಿದ್ದ. ಪರೀಕ್ಷೆಯ ವಿಷಯ ಸಂಘದ ಯಾರಿಗೂ ಹೇಳಕೂಡದೆಂದು ಅವಳು ತಾಕೀತು ಮಾಡಿದ್ದಳು. ವಯರ್‌ಲೆಸ್ ನೋಡಬೇಕೆಂಬ ನೆಪದಲ್ಲಿ ಆತ ಅಲ್ಲಿನವರನ್ನು ಹೊರಗೆ ಕಳಿಸಿದ್ದ.

"ಒಬ್ಬನೇ ಇದ್ದೀಯಾ?"

"ಹೌದು ಮೇಡಂ. ಬಾಗಿಲು ಹಾಕ್ಕೊಂಡಿದ್ದೆ."

ಸುಚಿತಾ ಭಟ್ಕಳದ ಒಂದು ಬೋಟಿನ ಹೆಸರಿನಲ್ಲಿ ಕೋರಿಕೆ ಕಳಿಸಿದಳು. ಫೋನಿನಲ್ಲಿ ಕರ್ಕಶವಾಗಿ ಗಂಟೆ ಕೇಳಿಸಿತು.

"ಹೊಡೀತು ಮೇಡಂ," ರಮಾನಂದನ ದನಿ.

ಕುಮಟಾದ ಬೋಟು. ಗಂಟೆ. ಕಾಸರಕೋಡಿನ ಬೋಟು. ಗಂಟೆ. ಪ್ರಕಾಶ ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದ. "ಹೇಳಿದ್ನಲ್ಲ?"

"ಮಾಸ್ತಿಕೃಪಾ ಕಳ್ಸಿ," ಎಂದಳು ವೀಣಾ.

ಸುಚಿತಾ ಒತ್ತಿದಳು. ಇನ್ನೂರು. ರಕ್ಷಣಾ ಬೋಟು ಹೊರಟಿದೆ.

ಫೋನಿನಲ್ಲಿ ಏನೂ ಇಲ್ಲ. ಫ್ಯಾನು ತಿರುಗುವ ಸದ್ದು ಮಾತ್ರ.

"ಕಳ್ಸಿದ್ರಾ ಮೇಡಂ? ಇಲ್ಲಿ ಎಂತದೂ ಬರ್ಲಿಲ್ಲ."

ಮತ್ತೆ ಕಳಿಸಿದಳು. ಬರಲಿಲ್ಲ. ಬೇರೆ ಬೋಟು ಕಳಿಸಿದರೆ ಗಂಟೆ ಹೊಡೆಯಿತು. ಮಾಸ್ತಿಕೃಪಾಕ್ಕೆ ಮಾತ್ರ ಇಲ್ಲ.

ಪ್ರಕಾಶನ ಕಾಲು ಕೆಳಗಿಳಿಯಿತು.

ಸುಚಿತಾ ಈಗ ಸರ್ವರಿಗೆ ಬೇರೊಂದು ಪ್ರಶ್ನೆ ಹಾಕಿದಳು. ಈ ಬೋಟಿನ ಬಗ್ಗೆ ನಿನ್ನಲ್ಲಿರುವುದೆಲ್ಲ ಕೊಡು ಎಂದು. ಉತ್ತರದಲ್ಲಿ ಬೋಟಿನ ಹೆಸರು, ಊರು, ತಂಡೇಲನ ಹೆಸರು ಬಂದವು. ಕೆಳಗೊಂದು ಸಾಲಿನ ಮೇಲೆ ಅವಳು ಬೆರಳಿಟ್ಟಳು. 'ಮೌನ: ಹೌದು.'

"ಮೌನ ಅಂದರೆ?"

ಪ್ರಕಾಶ ನಾಲಿಗೆಯಿಂದ ತುಟಿ ಸವರಿಕೊಂಡ. "ಅದು... ಸುಮ್ಮನೆ ಗುಂಡಿ ಒತ್ತೂರಿದ್ದಾರೆ, ಮೇಡಂ. ಕುಡ್ದು ಒತ್ತೂದು, ಮಕ್ಳ ಕೈಗೆ ಫೋನ್ ಕೊಟ್ಟು ಒತ್ಸೂದು. ಅಂಥವ್ರದ್ದು ಗಂಟೆ ಹೊಡೀದೇ ಇದ್ದಂಗೆ ಮಾಡಿ ಅಂತ ಸಂಘದವ್ರೇ ಕೇಳಿದ್ರು. ಮೌನ ಹಾಕಿದ್ರೆ ಆ ಬೋಟಿನ ಕರೆ ಮುಂದೆ ಹೋಗೂದಿಲ್ಲ."

"ಹೋಗೋದಿಲ್ಲ. ಆದರೂ ಬೋಟು ಹೊರಟಿದೆ ಅಂತ ಅವರಿಗೆ ಉತ್ತರ ಹೋಗ್ತದೆ."

"ಇಲ್ಲಾಂದ್ರೆ ಗೊತ್ತಾಗಿ ಗಲಾಟೆ ಮಾಡ್ತ್ರು ಅಂತ..."

ವೀಣಾ ಎದ್ದು ನಿಂತಳು. ಗಣಪ ಕುಡಿಯುವವನಾಗಿರಲಿಲ್ಲ. ಆಟಕ್ಕೆ ಗುಂಡಿ ಒತ್ತುವವನೂ ಅಲ್ಲ. ನಿಷೇಧವಿದ್ದರೂ ರಾತ್ರಿ ಕಡಲಿಗೆ ದೀಪ ಬಿಟ್ಟು ಮೀನು ಸೆಳೆದು ಮರಿಮೀನನ್ನೂ ಉಳಿಸದೆ ಬಾಚುವ ಬೋಟುಗಳು ಯಾರವೆಂದು ಠಾಣೆಗೆ ಬಂದು ಹೇಳುತ್ತೇನೆ ಎಂದು ಒಪ್ಪಿದ್ದವನು. ಅವನ ಜೊತೆ ದೇವರಾಜನೂ ಒಪ್ಪಿದ್ದ. ಹೇಳುವ ಮೊದಲೇ ಬೋಟು ಮುಳುಗಿತ್ತು. ಮುಳುಗುವ ಮೊದಲೇ ಯಾರೋ ಅದರ ಬಾಯಿ ಮುಚ್ಚಿದ್ದರು. ಹಾಗೆ ಮುಚ್ಚಿದವನಿಗೆ ಅದು ಮುಳುಗುತ್ತದೆಂದು ಗೊತ್ತಿತ್ತು.

ಇದು ಅಸಡ್ಡೆಯಲ್ಲ. ಕೊಲೆ.

"ಮೌನ ಹಾಕಿದ್ದು ಯಾರು?" ಅವಳು ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದಳು.

"ನನಗೆ ಹೇಗೆ ಗೊತ್ತು ಮೇಡಂ?"

"ನಿಮ್ಮ ಸರ್ವರು. ನಿಮ್ಮ ಬಾಗಿಲು. ಕೀಲಿ ಯಾರ್ಯಾರ ಹತ್ರ ಇದೆ?"

ಉತ್ತರ ಕೊಟ್ಟವಳು ಸುಚಿತಾ. ಅವಳು ಪರೀಕ್ಷೆಯ ಬೋಟಿಗೆ ಮೌನ ಹಾಕುವ ಕೋರಿಕೆಯೊಂದನ್ನು ಕಳಿಸಿ ನೋಡುತ್ತಿದ್ದಳು. ಪಾಸ್‌ವರ್ಡಿಲ್ಲ, ಗುರುತಿಲ್ಲ, ತಾನು ಯಾರೆಂದು ಹೇಳುವ ಒಂದಕ್ಷರವಿಲ್ಲ.

ಇನ್ನೂರು. 'ಮೌನ: ಹೌದು.'

"ಕೀಲಿಯೇ ಇಲ್ಲ, ಮೇಡಂ. ಯಾರು ಬೇಕಾದ್ರೂ ಹಾಕ್ಬಹುದು. ವಿಳಾಸ ಒಂದು ಗೊತ್ತಿದ್ರೆ ಆತು. ನೀ ಯಾರು ಅಂತ ಸರ್ವರ್ ಕೇಳೂದೇ ಇಲ್ಲ." ಅವಳು ಕೀಲಿಮಣೆಯಿಂದ ಕೈ ತೆಗೆದಳು. "ನಮ್ಮಪ್ಪನ ಫೋನಲ್ಲೂ ಇದೇ ಆ್ಯಪ್ ಅದೆ. ನಾನೇ ಹಾಕ್ಕೊಟ್ಟಿದ್ದು."

"ಬೀಗ ಯಾಕಿಲ್ಲ?" ವೀಣಾ ಪ್ರಕಾಶನ ಮುಖದ ಹತ್ತಿರಕ್ಕೆ ಬಗ್ಗಿದಳು. ಅವನ ಉಸಿರಿನಲ್ಲಿ ಬೆಳ್ಳುಳ್ಳಿ, ಮೀನು, ಅದರ ಮೇಲೆ ಆಗಷ್ಟೇ ಹಾಕಿಕೊಂಡ ಸಿಹಿ ಸೋಂಪು.

"ಪಾಸ್‌ವರ್ಡ್ ಇಟ್ರೆ ಸಂಘದವ್ರು ಮರ್ತು ಮರ್ತು ದಿನಾ ಫೋನ್ ಮಾಡ್ತಿದ್ರು. ತೆಗೀರಿ ಅಂದೆ. ಅದೆಂಥ ದೊಡ್ಡ ತಪ್ಪು?"

"ಯಾವ ಕಂಪ್ಯೂಟರಿಂದ ಮೌನ ಹಾಕಿದ್ರು ಅಂತ ಸರ್ವರಲ್ಲಿ ಗುರುತು ಇರ್ಬೇಕಲ್ಲ?"

"ಹಳೇದೆಲ್ಲಾ ಅಳಿಸ್ತೇವೆ. ಜಾಗ ತುಂಬ್ತದೆ." ಅವನು ಕೈ ಚೆಲ್ಲಿದ. ಆಮೇಲೆ, ತಾನು ಸಮಾಧಾನದ ಮಾತಾಡುತ್ತಿದ್ದೇನೆಂದೇ ನಂಬಿದವನಂತೆ ಹೇಳಿದ: "ನೋಡಿ ಮೇಡಂ, ಕಡಲಿಗೆ ಹೋಗೂರು ಸಾಯ್ತ್ರು. ಆ್ಯಪ್ ಇಲ್ದಿದ್ದಾಗ್ಲೂ ಸಾಯ್ತಿದ್ರು. ನಮ್ಮಿಂದ ಕಡೇಪಕ್ಷ ಅವನಿಗೆ ಒಂದು ಧೈರ್ಯ ಆದ್ರೂ ಸಿಕ್ತಲ್ಲ, ಬೋಟು ಬತ್ತದೆ ಅಂತ."

ವೀಣಾಳ ಕೈ ಎದ್ದಿತ್ತು. ಅವಳು ಅದನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದಳು. ಅವನ ಕೆನ್ನೆ ಮುಟ್ಟಲೂ ಅವಳಿಗೆ ಹೇಸಿಗೆಯಾಯಿತು.

"ಸುಚಿತಾ, ಇನ್ಯಾವುದಾದರೂ ಬೋಟಿಗೆ ಮೌನ ಇದೆಯಾ ನೋಡಿ."

"ಒಂದೊಂದೇ ಕೇಳೂದು ಬೇಡ. ಇಷ್ಟು ಬೋಟಿಗೂ ಇದೇ ಪ್ರಶ್ನೆ ಹಾಕು ಅಂತ ಪೋಸ್ಟ್‌ಮನ್‌ಗೇ ಹೇಳ್ತೆ. ಮೌನ ಅಂತ ಬಂದದ್ದು ಮಾತ್ರ ಕೆಂಪಾಗ್ಲಿ."

ಪರದೆಯಲ್ಲಿ ಹೆಸರುಗಳು ಸರಿಯತೊಡಗಿದವು. ಹಸಿರು, ಹಸಿರು. ಮಾಸ್ತಿಕೃಪಾ ಕೆಂಪು. ಮತ್ತೆ ಹಸಿರು. ಕೊನೆಗೆ ಹತ್ತಿರ ಬರುತ್ತಿದ್ದಂತೆ ಇನ್ನೊಂದು ಕೆಂಪು.

'ಜಟಗಪ್ರಸಾದ, ಭಟ್ಕಳ.'

ವೀಣಾ ಪರದೆಗೆ ಬಗ್ಗಿದಳು. ಹೊಟ್ಟೆಪಾಡಿಗೆಂದು ದೇವರಾಜ ಹೊಸದಾಗಿ ಸೇರಿದ್ದ ಬೋಟು ಅದು. ಅವನು ಈ ದಿನ ಬೆಳಿಗ್ಗೆ ಠಾಣೆಗೆ ಬಂದು ಹೇಳಿಕೆ ಕೊಡಬೇಕಿತ್ತು. ಬಂದಿರಲಿಲ್ಲ. ಕಡಲಿಗೆ ಹೋಗಿರಬೇಕು ಎಂದು ಮನೆಯವರು ಹೇಳಿದ್ದರು.

"ತೆಗೀರಿ. ಆ ಮೌನ ಈಗಲೇ ತೆಗೀರಿ."

ಸುಚಿತಾ ವಿಳಾಸ ಬರೆಯತೊಡಗಿದಳು. ಅಷ್ಟರಲ್ಲಿ ಅವಳ ಬೆರಳು ನಿಂತಿತು. ಸರ್ವರಿಗೆ ಬರುವ ಪ್ರತಿ ಕೋರಿಕೆಯೂ ಕಾಣುವ ಕಿಟಕಿಯೊಂದನ್ನು ಅವಳು ಪಕ್ಕದಲ್ಲಿ ತೆರೆದಿಟ್ಟಿದ್ದಳು. ಅದರಲ್ಲಿ ಹೊಸದೊಂದು ಸಾಲು ಬಿದ್ದಿತ್ತು. ಜಟಗಪ್ರಸಾದ. ಅಪಾಯ.

"ಮೇಡಂ," ಅವಳು ಮೆಲ್ಲಗೆ ಹೇಳಿದಳು. "ಇದು ನಾ ಕಳ್ಸಿದ್ದಲ್ಲ."

"ಯಾರ ಫೋನು?"

"ದೇವರಾಜ ಅಂತ ಅದೆ."

ಮತ್ತೊಂದು ಸಾಲು ಬಿತ್ತು. ಅದೇ ಹೆಸರು. ಯಾರೋ ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದರು. ಸುಚಿತಾ ಅದರ ಜಾಗವನ್ನು ನಕಾಶೆಗೆ ಹಾಕಿದಳು. ನೀಲಿ ಕಡಲಿನಲ್ಲಿ ಎಲ್ಲೂ ಚುಕ್ಕಿ ಮೂಡಲಿಲ್ಲ. ನಕಾಶೆ ತಾನಾಗಿ ಉತ್ತರಕ್ಕೆ ಸರಿದು, ಕುಮಟಾ ದಾಟಿ, ಅಘನಾಶಿನಿಯ ದಂಡೆಗೆ ಹೋಗಿ ನಿಂತಿತು.

"ಮಿರ್ಜಾನ!" ಸುಚಿತಾ ಉಸುರಿದಳು. "ಇದು ಉಪ್ಪುನೀರಿನ ಗದ್ದೆ, ಮೇಡಂ. ಇಲ್ಲಿಗೆ ಬೋಟು ಎಂತಕೆ ಬಂತು?"

"ಬೋಟು ಬಂದಿಲ್ಲ. ಅವನನ್ನ ತಂದಿದ್ದಾರೆ."

ವೀಣಾಳ ಫೋನು ರಮಾನಂದನ ಜೊತೆ ಸ್ಪೀಕರಿನಲ್ಲೇ ಇತ್ತು. ಅವಳು ಸುಚಿತಾಳ ಫೋನು ಕಸಿದುಕೊಂಡು ದೇವರಾಜನ ನಂಬರು ಒತ್ತಿದಳು. ರಿಂಗಾಯಿತು. ನಿಂತಿತು. ಯಾರೋ ಎತ್ತಿಕೊಂಡರು. ಹಿಂದೆ ನೀರು ಕಲಕುವ ಸದ್ದು.

ಅವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸಾವಧಾನದ ಗಂಡುದನಿ ಬಂತು.

"ಎಂತ ಇಲ್ಲ, ವೀಣಾ ಮೇಡಂ. ಕೈ ತಾಗಿ ಒತ್ತಿಹೋತು. ನಾ ದೇವರಾಜ."

ಕರೆ ಕಡಿಯಿತು.

ಅವಳು ಫೋನು ಕೆಳಗಿಳಿಸಿದಳು. ಅಳ್ವೇಕೋಡಿಯಲ್ಲಿ ಅವಳ ಮನೆಯ ಹಿಂದಿನ ಮನೆ ದೇವರಾಜನದು. ಅವನು ಅವಳನ್ನು ಹುಟ್ಟಿದಂದಿನಿಂದ ವೀಣಿ ಎಂದೇ ಕರೆದವನು. ಖಾಕಿ ತೊಟ್ಟ ಮೇಲೂ ಅವನಿಗೆ ಅವಳು ಮೇಡಂ ಆಗಿರಲಿಲ್ಲ.

ಅದಕ್ಕಿಂತ ಬೇರೊಂದು ವಿಷಯ ಅವಳ ಎದೆಗೆ ಚುಚ್ಚಿತು. ಈ ಕರೆ ಹೋದದ್ದು ಸುಚಿತಾಳ ಫೋನಿನಿಂದ. ಆ ನಂಬರು ಆ ದನಿಯವನಿಗೆ ಗೊತ್ತಿರಲು ಸಾಧ್ಯವಿಲ್ಲ. ಜಟಗಪ್ರಸಾದದ ಕೂಗಿಗೆ ಎಲ್ಲಿಯೂ ಗಂಟೆ ಹೊಡೆದಿರಲಿಲ್ಲ. ಅದು ಕಂಡದ್ದು ಈ ಕೋಣೆಯ ಈ ಒಂದು ಪರದೆಯ ಮೇಲೆ. ಹಾಗಿದ್ದರೆ ಫೋನು ಮಾಡುತ್ತಿರುವುದು ವೀಣಾ ಎಂದು ಅವನಿಗೆ ಹೇಳಿದವರು ಯಾರು?

ಅವಳು ಪ್ರಕಾಶನತ್ತ ತಿರುಗಿದಳು. ಅವನ ಫೋನು ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಅವನ ಎರಡೂ ಕೈ ತೊಡೆಯ ಮೇಲಿದ್ದವು. ಮೊದಲ ಸಲ ಅವನ ಮುಖದಲ್ಲಿ ಬಣ್ಣವಿರಲಿಲ್ಲ. ಈ ಕೋಣೆಯ ಮಾತು ಹೊರಗೆ ಕೇಳಿಸುತ್ತಿದ್ದುದು ಸ್ಪೀಕರಿನಲ್ಲಿದ್ದ ತನ್ನ ಫೋನಿನಿಂದ ಮಾತ್ರ.

"ರಮಾನಂದ," ಅವಳು ಸ್ಪೀಕರಿನತ್ತ ಬಗ್ಗಿ ಕರೆದಳು. "ಅಲ್ಲಿ ನಿನ್ನ ಜೊತೆ ಯಾರಿದ್ದಾರೆ?"

ಉತ್ತರವಿಲ್ಲ. ಫ್ಯಾನಿನ ಸದ್ದೂ ಇಲ್ಲ.

ಸುಚಿತಾ ಆ ಫೋನನ್ನು ಎತ್ತಿ ನೋಡಿದಳು. "ಆ ಕಡೆಯಿಂದ ಇಟ್ಟಿದ್ದಾರೆ, ಮೇಡಂ," ಎಂದಳು. "ಈಗಲ್ಲ. ನೀವು ದೇವರಾಜನಿಗೆ ಫೋನ್ ಹಚ್ಚೂ ಹೊತ್ತಿಗೇ."